ಊರೊಳಗಿನ ಕಾಶಿಯಾತ್ರಿ

“ಗುರುಗಳೇ, ಹೋಗಬೇಕೆಂದಿದ್ದ ಊರಿನ ದಾರಿ ಮುಚ್ಚಿದರೆ, ಇದ್ದಲ್ಲೇ ಯಾತ್ರೆ ಮಾಡಿಕೊಂಡರೆ ಆಗದೇ?” ಎಂದು ಗಿರಿಯಣ್ಣ ಕೇಳಿದ.

ಕೇಳುವಾಗ ಅವನ ಮುಖ ಅರಳಿತ್ತು. ಅವನು ಬದರಿಗೆಂದು ಹೊರಟವನು. ಗುಡ್ಡದ ಬುಡದ ಹಳ್ಳಿಯಲ್ಲಿ ತನ್ನನ್ನು ಸಾಕಿ ಬೆಳೆಸಿದ ಅಕ್ಕ ತುಂಗಮ್ಮನ ಕೈಯಲ್ಲಿ ಬುತ್ತಿ ಕಟ್ಟಿಸಿಕೊಂಡು, ಅವಳ ಕಾಲಿಗೆ ನಮಸ್ಕರಿಸಿ, ಗುರುಗಳ ಅಪ್ಪಣೆ ಪಡೆಯಲು ಗುಡ್ಡ ಹತ್ತಿ ಮಠಕ್ಕೆ ಬಂದಿದ್ದ. ಅಷ್ಟರಲ್ಲಿ ಉತ್ತರದ ಸೀಮೆಯಲ್ಲಿ ಮಹಾಮಾರಿ ಎದ್ದಿದೆ, ಹೊಳೆಗಳಲ್ಲಿ ದೋಣಿ ನಿಲ್ಲಿಸಿದ್ದಾರೆ ಎಂಬ ಸುದ್ದಿ ಬಂತು. ಗಿರಿಯಣ್ಣ ಮಠದಲ್ಲೇ ಉಳಿದ. ಮೊದಮೊದಲು ಊಟ ಬಿಟ್ಟು ಕೂತಿದ್ದ. ಈಗ ಬೆಳಗಾದರೆ ಗುಡ್ಡದ ಹಿಂದಿನ ಕಾಡಿಗೆ ಹೋಗುತ್ತಿದ್ದ. ಅಲ್ಲಿ ಒಂದು ಪಾಳುಬಾವಿ ಸಿಕ್ಕಿತ್ತು, ಜೇನು ಕಟ್ಟಿದ ಬಂಡೆ ಸಿಕ್ಕಿತ್ತು. ಸಿಕ್ಕಿದ್ದನ್ನೆಲ್ಲ ಬಂದು ಗುರುಗಳಿಗೆ ಹೇಳುತ್ತಿದ್ದ.

ಗುರುಗಳು ಅವನಿಗೆ ಕೂರಲು ಹೇಳಿದರು.

“ಒಂದು ಕತೆ ಹೇಳುತ್ತೇನೆ. ಹೂಂಗುಟ್ಟುತ್ತೀಯಾ?” ಎಂದರು.

“ಹೂಂ,” ಎಂದ ಗಿರಿಯಣ್ಣ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಅವನು ಕಂಡ ಲೋಕ ಅಷ್ಟೇ. ಊರೂರಿನ ಗಿರಾಕಿಗಳು ಅವನ ಅಂಗಡಿಗೆ ಬರುತ್ತಿದ್ದರು. ಒಬ್ಬ ಘಟ್ಟದ ಮಾತಾಡುತ್ತಿದ್ದ, ಇನ್ನೊಬ್ಬ ಕಡಲಿನ ಮಾತಾಡುತ್ತಿದ್ದ. ವರ್ತಕ ಗಜಕೋಲು ಹಿಡಿದು ಬಟ್ಟೆ ಅಳೆಯುತ್ತ ಕೇಳುತ್ತಿದ್ದ. ಕೇಳಿ ಕೇಳಿ ಅವನಿಗೆ ತನ್ನ ಕಾಲುಗಳ ಮೇಲೇ ಕನಿಕರ ಹುಟ್ಟಿತು. ಒಂದಲ್ಲ ಒಂದು ದಿನ ಕಾಶಿಗೆ ಹೋಗಿಯೇ ಹೋಗುತ್ತೇನೆ ಎಂದು ಎಲ್ಲರೆದುರು ಹೇಳುತ್ತ ಬಂದ. ಹೇಳುತ್ತ ಹೇಳುತ್ತ ಅವನ ಮೀಸೆ ನರೆಯಿತು.

ಅವನ ಹೆಂಡತಿಗೂ ಅದೇ ಆಸೆ ಇತ್ತು. ಅವಳು ಅದನ್ನು ಯಾರೆದುರೂ ಹೇಳಿಕೊಂಡವಳಲ್ಲ. ಮದುವೆಯಾಗಿ ಆ ಊರಿಗೆ ಬಂದವಳು ಮತ್ತೆ ಊರ ಗಡಿಕಲ್ಲು ದಾಟಿರಲಿಲ್ಲ. ಮಕ್ಕಳಿರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದ ಗಂಡ ಜಗಲಿಯ ಮೇಲೆ ಕೂತು ಅಂದಿನ ಗಿರಾಕಿಗಳು ಆಡಿದ್ದನ್ನೆಲ್ಲ ಹೇಳುತ್ತಿದ್ದ. ಅವಳು ಹೊಸ್ತಿಲಿನ ಒಳಗೆ ಕೂತು ಸೊಪ್ಪು ಸೋಸುತ್ತ ಹೂಂಗುಟ್ಟುತ್ತಿದ್ದಳು. ಆ ಊರಿನಲ್ಲಿ ಹೂಂಗುಟ್ಟುವವರಿಲ್ಲದೆ ಯಾರೂ ಕತೆ ಹೇಳುತ್ತಿರಲಿಲ್ಲ. ಅವಳದು ಬರೀ ಬಾಯಿಮಾತಿನ ಹೂಂ ಅಲ್ಲ. ಹುಲಿ ಬಂದ ಕಡೆ ಅದು ಸಣ್ಣಗಾಗುತ್ತಿತ್ತು. ಮೋಸಗಾರ ಸಿಕ್ಕಿಬಿದ್ದ ಕಡೆ ಉದ್ದವಾಗುತ್ತಿತ್ತು. ಹೊಸ್ತಿಲು ದಾಟದೆ ಅವಳು ಘಟ್ಟವನ್ನೂ ಕಂಡಳು, ಕಡಲನ್ನೂ ಕಂಡಳು.

ಕೊನೆಗೊಂದು ವರ್ಷ ವ್ಯಾಪಾರ ಕೈಹಿಡಿಯಿತು. ವರ್ತಕ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಕಾಶಿಗೆ ಹೊರಡುವ ದಿನ ಗೊತ್ತುಮಾಡಿದ. ಹೆಂಡತಿ ಹುರಿಹಿಟ್ಟು ಮಾಡಿದಳು, ಅವಲಕ್ಕಿ ಕುಟ್ಟಿಸಿದಳು, ಅವನ ಕಂಬಳಿಯ ಹರಿದ ಅಂಚು ಹೊಲಿಯಲು ಕೂತಳು. ಹೊಲಿಯುತ್ತ, ತಲೆ ಎತ್ತದೆ, ಒಂದು ಮಾತು ಆಡಿದಳು.

“ನನ್ನನ್ನೂ ಕರೀತೀರೇನೋ ಅಂದ್ಕೊಂಡಿದ್ದೆ.”

“ದಾರಿ ಕಷ್ಟ ಕಣೇ. ಮೊದಲು ನಾನು ಹೋಗಿ ನೋಡ್ಕೊಂಡು ಬರ್ತೀನಿ. ಮುಂದಿನ ಸಲ ನಿನ್ನ ಕರ್ಕೊಂಡೇ ಹೋಗ್ತೀನಿ.”

“ಹಾಗಾದ್ರೆ ಬಂದು ಎಲ್ಲಾನೂ ಹೇಳ್ಬೇಕು. ಗಂಗೆ ಹೇಗಿದಾಳೆ, ದಾರೀಲಿ ಏನೇನು ಕಂಡ್ರಿ, ಒಂದೂ ಬಿಡಬಾರ್ದು. ಮೊದಲು ನನಗೆ ಹೇಳ್ಬೇಕು. ಆಮೇಲೆ ಊರಿಗೆ.”

“ನಿನಗಲ್ದೆ ಇನ್ಯಾರಿಗೆ ಹೇಳ್ಲಿ,” ಎಂದ ವರ್ತಕ. ಆಡಿದಾಗ ಅದು ಸುಳ್ಳಾಗಿರಲಿಲ್ಲ.

ಆ ಊರಿನದು ಒಂದು ಕಟ್ಟಳೆ. ಕಾಶಿಗೆಂದು ಮನೆಯ ಹೊಸ್ತಿಲು ದಾಟಿದವನು ಗಂಗೆಯಲ್ಲಿ ಮುಳುಗಿ ಏಳುವ ತನಕ ಆ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ಬಂದರೆ ಹೊರಟ ಪುಣ್ಯವೂ ಹೋಯಿತು, ಮನೆಗೂ ಕೇಡು. ಆದರೆ ಈ ಕಟ್ಟಳೆ ಜಗಲಿಗಿಲ್ಲ. ಜಗಲಿ ಹಾದಿಹೋಕರದು. ಯಾತ್ರಿಯೂ ಹಾದಿಹೋಕನೇ ಆದ್ದರಿಂದ ಅವನು ತನ್ನ ಮನೆಯ ಜಗಲಿಯಲ್ಲಿ ಕೂರಬಹುದು, ನೀರು ಮಜ್ಜಿಗೆ ಕುಡಿಯಬಹುದು, ಒಳಗಿದ್ದವರ ಜೊತೆ ಮಾತಾಡಬಹುದು. ಇದು ಆ ಊರಿನ ಮಕ್ಕಳಿಗೂ ಗೊತ್ತಿದ್ದ ವಿಷಯ. ನಮ್ಮ ವರ್ತಕನಿಗೂ ಗೊತ್ತಿತ್ತು. ಇದನ್ನು ನೆನಪಿಟ್ಟುಕೋ.

ಹೊರಡುವ ದಿನ ಡೋಲು ಬಡಿಸಿದರು. ಕೊರಳಿಗೆ ಹಾರ ಹಾಕಿದರು. ಕೇರಿಯವರೆಲ್ಲ ಕಾಲಿಗೆ ಬಿದ್ದರು, ಹೋಗಿ ಬಂದ ಮೇಲೆ ಬೀಳುವುದಕ್ಕಿಂತ ಈಗಲೇ ಬಿದ್ದುಬಿಟ್ಟರೆ ಕ್ಷೇಮ ಎನ್ನುವ ಹಾಗೆ. ಗಡಿಕಲ್ಲಿನ ತನಕ ಬಂದು ಎಲ್ಲರೂ ಹಿಂತಿರುಗಿದರು. ಹೆಂಡತಿ ಜಗಲಿಯ ಮೇಲೆ ನಿಂತು, ಡೋಲಿನ ಸದ್ದು ಅಡಗುವ ತನಕ ನಿಂತೇ ಇದ್ದಳು.

ಗಡಿಕಲ್ಲಿನ ಆಚೆಯ ತಿರುವಿನಲ್ಲಿ ದೊರೆಯ ಕಾವಲಿನವರು ದಾರಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಎಳೆದಿದ್ದರು. ಮುಂದಿನ ಸೀಮೆಯಲ್ಲಿ ಮಹಾಮಾರಿ ಬಿದ್ದಿದೆ, ಜನ ಹುಳುಗಳಂತೆ ಸಾಯುತ್ತಿದ್ದಾರೆ, ಇಲ್ಲಿಂದ ಯಾರೂ ಹೋಗುವಂತಿಲ್ಲ, ಅಲ್ಲಿಂದ ಯಾರೂ ಬರುವಂತಿಲ್ಲ ಎಂದರು. ವರ್ತಕ ಬೇಡಿಕೊಂಡ. ಅವರು ದೊಣ್ಣೆ ತೋರಿಸಿದರು.

ಗಡಿಕಲ್ಲಿನ ಈಚೆ ಊರಿನ ಛತ್ರವಿತ್ತು. ಅವನು ಅದರ ಮೆಟ್ಟಿಲ ಮೇಲೆ ಕುಸಿದು ಕೂತ. ಕೊರಳ ಹಾರ ಇನ್ನೂ ಬಾಡಿರಲಿಲ್ಲ. ಜೀವಮಾನವೆಲ್ಲ ಕಾದ ದಿನ ಹೀಗೆ ಅಂಗೈಯಿಂದ ಜಾರಿಹೋಯಿತಲ್ಲ ಎಂದು ಹಲುಬಿದ. ಮರಳಿ ಹೋಗಲು ಮುಖವಿರಲಿಲ್ಲ. ಡೋಲು ಬಡಿದವರು ನಗುತ್ತಾರೆ. ಜಗಲಿಯ ಮೇಲೆ ಕೂತರೆ ಹಾದುಹೋಗುವವರೆಲ್ಲ ಏನು ಯಜಮಾನರೇ, ಕಾಶಿ ಇಷ್ಟು ಹತ್ತಿರವೇ ಎನ್ನುತ್ತಾರೆ. ಅವನು ಛತ್ರದಲ್ಲೇ ಕಂಬಳಿ ಹಾಸಿದ. ಹೆಂಡತಿ ಕಟ್ಟಿಕೊಟ್ಟ ಹುರಿಹಿಟ್ಟನ್ನು ಅಲ್ಲೇ ಕಲಸಿ ತಿಂದ.

ಕೆಲವು ದಿನ ಹೀಗೇ ಹೋಯಿತು. ಒಂದು ಬೆಳಿಗ್ಗೆ ಅವನು ಬೇಸರ ತಡೆಯದೆ ಎದ್ದು, ಕಾಲು ಕರೆದುಕೊಂಡು ಹೋದ ಕಡೆ ನಡೆದ. ಬಣ್ಣಗಾರರ ಕೇರಿ ಸಿಕ್ಕಿತು. ಅವನು ಮಾರುತ್ತಿದ್ದ ನೀಲಿ ಬಟ್ಟೆ ಅದೇ ಕೇರಿಯಿಂದ ಬರುತ್ತಿತ್ತು. ಅದನ್ನು ಗಂಟಿನಲ್ಲಿ ಕಂಡಿದ್ದನೇ ಹೊರತು ತೊಟ್ಟಿಯಲ್ಲಿ ಕಂಡಿರಲಿಲ್ಲ. ಬಣ್ಣಗಾರ ತೊಟ್ಟಿಯಿಂದ ಬಟ್ಟೆ ಎತ್ತಿದ. ಅದು ಹಸಿರಾಗಿತ್ತು. ಗಾಳಿಗೆ ಹಿಡಿದ. ನೋಡುನೋಡುತ್ತ ಅದು ನೀಲಿಯಾಯಿತು. ವರ್ತಕ ಬಾಯಿ ಬಿಟ್ಟುಕೊಂಡು ನಿಂತ. ಎಷ್ಟೋ ವರ್ಷ ಕೈಯಲ್ಲಿ ಹಿಡಿದು ಮಾರಿದ್ದರ ಹುಟ್ಟು ಅವನಿಗೆ ಅಂದು ಗೊತ್ತಾಯಿತು.

ಅಂದು ಸಂಜೆ ಅವನು ಕುಣಿಯುತ್ತ ಛತ್ರಕ್ಕೆ ಬಂದ. ನನ್ನ ಯಾತ್ರೆ ನಿಂತಿಲ್ಲ, ದಾರಿ ಬೇರೆಯಾಗಿದೆ ಅಷ್ಟೇ ಎಂದುಕೊಂಡ. ಮಾರನೆಯ ದಿನ ಕೆರೆಗೆ ಹೋಗಿ ಬೆಸ್ತರ ಹರಿಗೋಲು ಹತ್ತಿದ. ಅದು ನಡುನೀರಿನಲ್ಲಿ ಬುಗುರಿಯಂತೆ ಸುತ್ತಿತು. ಅವನು ಚಿಕ್ಕ ಮಗುವಿನ ಹಾಗೆ ಕೂಗಿ ನಕ್ಕ. ಆಮೇಲೆ ಊರ ಹಿಂದಿನ ಗುಡ್ಡದಲ್ಲಿ ಒಂದು ಗವಿ ಹುಡುಕಿದ. ಅದರ ಬಾಯಲ್ಲಿ ಚಿರತೆಯ ಹೆಜ್ಜೆ ಕಂಡು ಬೆವರಿ ಓಡಿ ಬಂದ. ಕುಂಬಾರನ ಒಲೆಯ ಬೆಂಕಿ ನೋಡಿದ. ಗಾಣಿಗರ ಎತ್ತಿನ ಹಿಂದೆ ಸುತ್ತು ಹಾಕಿದ. ಅವನ ಸಂತೋಷ ಕಪಟವಾಗಿರಲಿಲ್ಲ, ಗಿರಿಯಣ್ಣ. ಊರೆಂಬುದು ಇಷ್ಟು ದೊಡ್ಡದು ಎಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕಂಡದ್ದನ್ನು ಹೇಳದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಛತ್ರದ ಪಾರುಪತ್ತೆಗಾರನನ್ನು ಕೂರಿಸಿಕೊಂಡು ಹೇಳಿದ. ಅವನು ಹೂಂಗುಟ್ಟಿದ. ಮರುದಿನ ಇನ್ನಿಬ್ಬರು ಬಂದು ಕೂತರು. ಆಮೇಲೆ ಛತ್ರದ ಅಂಗಳ ತುಂಬತೊಡಗಿತು. ಕಾಲ ಕೆಟ್ಟಿತ್ತು. ಎಲ್ಲರ ಎದೆಯಲ್ಲೂ ಹೆದರಿಕೆ ಇತ್ತು. ಅವರು ಒಬ್ಬರಿಂದ ಒಬ್ಬರು ದೂರ ಕೂತು ಅವನ ಮಾತು ಕೇಳಿ ನಗುತ್ತಿದ್ದರು. ಹೇಳಿ ಹೇಳಿ ಅವನ ಕತೆಗಳು ಒನಕೆಗೆ ಸಿಕ್ಕ ಭತ್ತದ ಹಾಗೆ ಹದವಾದವು. ಯಾವ ಮಾತಿಗೆ ಜನ ನಗುತ್ತಾರೆ, ಎಲ್ಲಿ ಸುಮ್ಮನೆ ನಿಲ್ಲಿಸಬೇಕು ಎಂಬುದೆಲ್ಲ ಅವನಿಗೆ ಕರಗತವಾಯಿತು. ಊರೊಳಗಿನ ಕಾಶಿಯಾತ್ರಿ ಎಂದು ಅವನಿಗೆ ಹೆಸರು ಬಿತ್ತು. ಕೆಲವರು ಮತ್ತೆ ಕಾಲಿಗೆ ಬಿದ್ದರು. ಅವನು ಕಾಲು ಹಿಂದೆಗೆಯಲಿಲ್ಲ. ಕಾಶಿ ಎಲ್ಲೋ ಇಲ್ಲ, ಕಾಣುವ ಕಣ್ಣಿಗೆ ಇಲ್ಲೇ ಇದೆ ಎಂದು ಹೇಳುವುದನ್ನೂ ಕಲಿತ. ಇಂಥ ಮಾತು ನಾಲಿಗೆಗೆ ಬಂದಾಗ ಮನುಷ್ಯ ಎಚ್ಚರವಾಗಿರಬೇಕು. ಅವನು ಇರಲಿಲ್ಲ.

ಊರಿನ ಕೇರಿಗಳನ್ನೆಲ್ಲ ಅವನು ಸುತ್ತಿದ. ತನ್ನ ಕೇರಿಯೊಂದಕ್ಕೆ ಹೋಗಲಿಲ್ಲ. ಮೊದಲು ನಾಚಿಕೆಗೆ ಹೋಗಲಿಲ್ಲ. ನಾಚಿಕೆ ಹೋದ ಮೇಲೂ ಹೋಗಲಿಲ್ಲ. ಆ ಕೇರಿ ಅವನಿಗೆ ಗೊತ್ತಿದ್ದದ್ದು. ಆ ಜಗಲಿ ಗೊತ್ತಿದ್ದದ್ದು. ಅಲ್ಲಿ ಕೂತವಳೂ ಗೊತ್ತಿದ್ದವಳೇ. ಹೊಸದನ್ನು ಹುಡುಕುವವನಿಗೆ ಅಲ್ಲಿ ಏನು ಕೆಲಸ? ಅಲ್ಲಿಗೆ ಹೋದರೆ ತಾನು ಮತ್ತೆ ಅಂಗಡಿ ಮುಚ್ಚಿ ಬಂದ ಗಂಡನಾಗಿಬಿಡುತ್ತೇನೆ, ಯಾತ್ರಿಯಾಗಿ ಉಳಿಯುವುದಿಲ್ಲ ಎಂದು ಅವನಿಗೆ ಅಳುಕಿತ್ತು. ಅವಳು ಎಲ್ಲಿ ಹೋಗುತ್ತಾಳೆ, ಇದ್ದೇ ಇರುತ್ತಾಳಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಅವನು ಹೋಗಿಲ್ಲವೆಂಬುದು ಹೆಂಡತಿಗೆ ತಿಳಿಯದೆ ಇರುತ್ತದೆಯೇ? ಹಾಲಿನವಳು ಹೇಳಿದಳು. ಕೇಳಿ ಅವಳಿಗೆ ಖುಷಿಯಾಯಿತು. ಹೊಳೆಯ ಪಾಲಾಗದೆ, ಮಾರಿಯ ಬಾಯಿಗೆ ಬೀಳದೆ ಉಳಿದರಲ್ಲ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಂದಿನಿಂದ ದಿನಾ ಬೆಳಿಗ್ಗೆ ಜಗಲಿ ತೊಳೆದು ಚಾಪೆ ಹಾಸಿ, ಪಕ್ಕದಲ್ಲಿ ಮಜ್ಜಿಗೆಯ ಗಡಿಗೆ ಇಟ್ಟಳು. ಸಂಜೆ ಚಾಪೆ ಸುತ್ತಿ ಒಳಗಿಡುತ್ತಿದ್ದಳು. ಗಂಡ ಬಣ್ಣಗಾರರ ಕೇರಿಯಲ್ಲಿದ್ದನಂತೆ, ಕೆರೆಯಲ್ಲಿದ್ದನಂತೆ, ಗವಿಯಲ್ಲಿ ಚಿರತೆ ಕಂಡನಂತೆ ಎಂದು ಊರವರ ಬಾಯಿಂದ ಚೂರುಚೂರಾಗಿ ಕೇಳಿದಳು. ಕೊನೆಗೆ ಹಾಲಿನವಳ ಕೈಲಿ ಹೇಳಿಕಳಿಸಿದಳು.

ಹಾಲಿನವಳು ಛತ್ರಕ್ಕೆ ಬಂದು ಅಂಗಳದಾಚೆಯೇ ನಿಂತು ಹೇಳಿದಳು. “ಅಮ್ಮಾವ್ರು ಕೇಳ್ಕಂಡವ್ರೆ ಸೋಮಿ. ಜಗಲಿ ಮ್ಯಾಲೆ ಒಂದ್ಗಳಿಗೆ ಕುಂತು, ನೀವು ಕಂಡಿದ್ದ ಅವ್ರಿಗೂ ಹೇಳ್ಬೇಕಂತೆ.”

“ನಾಳೆ ಗುಡ್ಡದ ನೆತ್ತಿಗೆ ಹೋಗ್ತಿದೀನಿ. ಅದನ್ನೂ ನೋಡ್ಕೊಂಡು ಒಟ್ಟಿಗೆ ಬಂದು ಹೇಳ್ತೀನಿ ಅನ್ನು,” ಎಂದ ವರ್ತಕ. ಹಾಲಿನವಳು ಒಂದು ಕ್ಷಣ ನಿಂತಳು. ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಜನ ಕತೆಗೆ ಕೂತಾಗಿತ್ತು.

ಆ ನಾಳೆ ಬರಲಿಲ್ಲ. ಅಂದರೆ, ನಾಳೆಗಳು ಬಂದವು, ಅವನು ಹೋಗಲಿಲ್ಲ. ಮಳೆ ಹನಿಯಿತು, ಗುಡ್ಡ ಜಾರುತ್ತದೆಂದು ಕಾದ. ಆಮೇಲೆ ಮಹಾಮಾರಿ ಮುಳ್ಳಿನ ಕೊಂಬೆ ದಾಟಿ ಊರೊಳಗೇ ಬಂತು. ರೋಗ ಹೊಕ್ಕ ಮನೆಯ ಬಾಗಿಲಿಗೆ ತಳವಾರ ಕೆಮ್ಮಣ್ಣಿನ ಪಟ್ಟೆ ಬಳಿದು ಹೋಗುತ್ತಿದ್ದ. ಉಳ್ಳವರು ಬೀಗ ಹಾಕಿ ಹೊಲದ ಗುಡಿಸಲುಗಳಿಗೆ ಹೋದರು. ಕೇರಿಗಳಲ್ಲಿ ತಿರುಗುವುದು ಅಪಾಯವಾಯಿತು. ಯಾತ್ರಿ ಕೇರಿಗಳನ್ನು ಬಿಟ್ಟು ಗುಡ್ಡ ಹಿಡಿದ.

ಒಂದು ಬೆಳಿಗ್ಗೆ ಅವನು ಗುಡ್ಡದ ನೆತ್ತಿ ಮುಟ್ಟಿದ. ಊರು ಕಾಲ ಕೆಳಗೆ ತಟ್ಟೆಯಲ್ಲಿಟ್ಟಂತೆ ಕಂಡಿತು. ಅವನು ಒಂದೊಂದೇ ಸೂರು ಗುರುತಿಸಿ ಸಂತೋಷಪಟ್ಟ. ಅದು ದೇವಸ್ಥಾನ, ಅದು ನನ್ನ ಅಂಗಡಿ, ಅದು ಕೆರೆಯ ಏರಿ. ಅಡಿಗೆಯ ಹೊತ್ತು. ಅಲ್ಲಲ್ಲಿ ಸೂರಿನಿಂದ ಹೊಗೆ ಏಳುತ್ತಿತ್ತು. ತನ್ನ ಮನೆಯ ಸೂರೂ ಕಂಡಿತು. ಎತ್ತರದಿಂದ ನೋಡಿದರೆ ಅದೂ ಹೊಸದಾಗಿಯೇ ಕಾಣುತ್ತಿತ್ತು.

ಅಂದು ಸಂಜೆ ಛತ್ರದಲ್ಲಿ ಅವನ ಮಾತಿಗೆ ಕಳೆ ಕಟ್ಟಿತು. ಗುಡ್ಡದ ಗಾಳಿ ಹೇಳಿದ, ಹದ್ದು ತನಗಿಂತ ಕೆಳಗೆ ಹಾರಿದ್ದು ಹೇಳಿದ. ಯಾರ ಯಾರ ಮನೆಯಲ್ಲಿ ಒಲೆ ಉರಿಯುತ್ತಿತ್ತು ಎಂದು ಹೆಸರು ಹಿಡಿದು ಹೇಳಿದ. ಜನ ನಕ್ಕರು. ಅವನು ಇನ್ನೂ ಸ್ವಲ್ಪ ನಗಿಸಲು ಹೇಳಿದ.

“ನಮ್ಮನೇಲಿ ಮಾತ್ರ ಹೊಗೆ ಇರಲಿಲ್ಲ. ಏಕಾದಶಿ ಅಂತ ನನಗೇ ಮರೆತುಹೋಗಿತ್ತು, ನಮ್ಮವಳಿಗೆ ಮರೆತಿಲ್ಲ ನೋಡಿ.”

ಯಾರೂ ನಗಲಿಲ್ಲ. ಮುಂದೆ ಕೂತಿದ್ದ ಮುದುಕ ಬಡಗಿ ನಿಧಾನವಾಗಿ ಹೇಳಿದ.

“ನಿನ್ನೆ ತಾನೆ ಹುಣ್ಣಿಮೆ ಆಯ್ತು ಯಜಮಾನ್ರೇ. ಇವತ್ತೆಲ್ಲಿಯ ಏಕಾದಶಿ?”

ವರ್ತಕ ಎದ್ದ. ಕತೆಯನ್ನು ನಡುವೆ ಬಿಟ್ಟು ನಡೆದದ್ದು ಅದೇ ಮೊದಲು. ಮೊದಲು ನಡೆದ, ಆಮೇಲೆ ಓಡಿದ. ಅಂಗಡಿಯಿಂದ ಮನೆಗೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದ ದಾರಿ. ಅಂದು ಅದು ಮುಗಿಯುವಂತೆಯೇ ಕಾಣಲಿಲ್ಲ.

ಜಗಲಿಯ ಮೇಲೆ ಚಾಪೆ ಹಾಸಿತ್ತು. ಸುತ್ತಿ ಒಳಗಿಡುವವರಿಲ್ಲದೆ ಅದರ ಮೇಲೆ ಧೂಳು ಕೂತಿತ್ತು. ಗಡಿಗೆಯಲ್ಲಿ ಮಜ್ಜಿಗೆ ಹುಳಿತು ಬೂಷ್ಟು ಕಟ್ಟಿತ್ತು. ಬಾಗಿಲಿಗೆ ಕೆಮ್ಮಣ್ಣಿನ ಪಟ್ಟೆ ಬಳಿದಿತ್ತು. ಕದ ಅರ್ಧ ತೆರೆದಿತ್ತು. ಅವನು ಕಂಬ ಹಿಡಿದು ಏದುಸಿರು ಬಿಡುತ್ತ ನಿಂತ. ಒಳಗಿನಿಂದ ಸಣ್ಣ ದನಿ ಬಂತು.

“ಯಾರು?”

“ನಾನೇ ಕಣೇ.”

“ಬಂದ್ರಾ,” ಎಂದಳು ಅವಳು. ಅವನು ಹೊಸ್ತಿಲ ಕಡೆ ಕಾಲೆತ್ತಿದ್ದು ಅವಳಿಗೆ ಹೇಗೆ ತಿಳಿಯಿತೋ. “ಒಳಗೆ ಬರಬೇಡಿ. ಯಾತ್ರೆ ಕೆಡುತ್ತೆ. ಅಲ್ಲೇ ಚಾಪೆ ಹಾಸಿದೀನಿ, ಕೂತ್ಕೊಳ್ಳಿ.”

ಎತ್ತಿದ ಕಾಲನ್ನು ಅವನು ಜಗಲಿಯ ಮೇಲೆಯೇ ಇಳಿಸಿದ. ಅವಳು ಬೇಡವೆಂದದ್ದು ಅವನಿಗೆ ಸಮಾಧಾನವಾಯಿತು. ಇದನ್ನು ಮುಚ್ಚಿಡುವುದು ಬೇಡ, ಗಿರಿಯಣ್ಣ. ಅವನಿಗೆ ಕಟ್ಟಳೆಯ ಭಯ ಒಂದು ಪಾಲಾದರೆ, ಕೆಮ್ಮಣ್ಣಿನ ಭಯ ಮೂರು ಪಾಲಿತ್ತು. ಅವನು ಚಾಪೆಯ ಮೇಲೆ ಕೂತ. ನೀರು ಬೇಕೇನೇ ಎಂದು ಕೇಳಿದ. ಚೆಂಬು ಇಲ್ಲೇ ಪಕ್ಕದಲ್ಲಿದೆ ಎಂದಳು.

“ಹೇಳಿ. ಏನೇನು ಕಂಡ್ರಿ? ಒಂದೂ ಬಿಡಬೇಡಿ,” ಎಂದಳು.

ಅವನು ಹೇಳತೊಡಗಿದ. ಬಣ್ಣಗಾರರ ತೊಟ್ಟಿ ಹೇಳಿದ. ಹಸಿರು ಬಟ್ಟೆ ನೀಲಿಯಾದದ್ದು ಹೇಳಿದ. ಒಳಗಿನಿಂದ ಉದ್ದನೆಯ ಹೂಂ ಬಂತು. ಆ ಹೂಂ ಕೇಳಿ ಅವನಿಗೆ ಜೀವ ಬಂತು. ಇಷ್ಟು ದಿನ ಛತ್ರದಲ್ಲಿ ಯಾವ ಹೂಂಗಳಿಗೆ ಕತೆ ಹೇಳಿದೆನೋ ಎನ್ನಿಸಿತು. ಕೆರೆಗೆ ಬಂದ, ಹರಿಗೋಲು ಹತ್ತಿದ. ಹೂಂ ಸಣ್ಣಗಾಯಿತು. ಅವಳಿಗೆ ನೀರೆಂದರೆ ಭಯ ಎಂದು ಅವನಿಗೆ ನೆನಪಿತ್ತು. ಹೆದರಿದಳು ಎಂದುಕೊಂಡು ಮುಂದುವರಿಸಿದ. ಕತೆ ಹದವಾದದ್ದು, ಬಾಯಿಗೆ ಬಂದದ್ದು. ಹೇಳುತ್ತ ಅವನು ಮೈಮರೆತ. ಗವಿಗೆ ಹೋದ, ಚಿರತೆಯ ಹೆಜ್ಜೆ ತೋರಿಸಿದ, ಓಡಿದ, ಎಡವಿದ. ಛತ್ರದಲ್ಲಿ ಜನ ಗೊಳ್ಳೆಂದು ನಗುತ್ತಿದ್ದ ಕಡೆ ಬಂದು, ನಗುವಿಗೆಂದು ಮಾತು ನಿಲ್ಲಿಸಿದ.

ನಗು ಬರಲಿಲ್ಲ. ಹೂಂ ಕೂಡ ಬರಲಿಲ್ಲ.

ಕೊನೆಯ ಹೂಂ ಎಲ್ಲಿ ಬಂದಿತ್ತು ಎಂದು ಅವನು ನೆನಪು ಮಾಡಿಕೊಂಡ. ಹರಿಗೋಲಿನಲ್ಲೋ, ಗವಿಯ ಬಾಯಲ್ಲೋ, ಅವನಿಗೆ ಹೊಳೆಯಲಿಲ್ಲ. ಎಷ್ಟು ಹೊತ್ತಿನಿಂದ ತಾನೊಬ್ಬನೇ ಹೇಳುತ್ತಿದ್ದೇನೆ ಎಂದೂ ತಿಳಿಯಲಿಲ್ಲ. ಅವನು ಅವಳನ್ನು ಕರೆದ. ಮತ್ತೆ ಕರೆದ. ಆಮೇಲೆ ಹೊಸ್ತಿಲು ದಾಟಿದ. ಕಟ್ಟಳೆಯೂ ನೆನಪಾಗಲಿಲ್ಲ, ಕೆಮ್ಮಣ್ಣೂ ನೆನಪಾಗಲಿಲ್ಲ.

ಅವಳು ಬಾಗಿಲ ಪಕ್ಕದಲ್ಲೇ, ದಿನಾ ಸೊಪ್ಪು ಸೋಸುತ್ತಿದ್ದ ಕಡೆಯೇ ಗೋಡೆಗೆ ಒರಗಿದ್ದಳು. ಚೆಂಬು ಪಕ್ಕದಲ್ಲಿದೆ ಎಂದಿದ್ದಳು. ಇತ್ತು. ಅದರಲ್ಲಿ ನೀರಿರಲಿಲ್ಲ.

ಉಳಿದದ್ದನ್ನು ಹಾಲಿನವಳು ಆಮೇಲೆ ಹೇಳಿದಳು. ವರ್ತಕನ ತಮ್ಮ, ಮಾರಿ ಊರೊಳಗೆ ಬರುವ ಮೊದಲೇ ಹೊಲದ ಗುಡಿಸಲಿಗೆ ಹೋಗುವಾಗ ಅತ್ತಿಗೆಯನ್ನು ಬಾ ಎಂದು ಕರೆದಿದ್ದ. ಕೈ ಹಿಡಿದು ಎಳೆಯುವುದೊಂದು ಬಾಕಿ. ಅವಳು ಹೊರಡಲಿಲ್ಲ. ಯಾತ್ರಿ ಜಗಲಿಗೆ ಬಂದರೆ ಒಳಗಿನಿಂದ ಹೂಂಗುಟ್ಟುವವರು ಬೇಡವೇ ಎಂದಳಂತೆ. ಅಂದು ಛತ್ರದಲ್ಲಿ ನಿಂತು ಹಾಲಿನವಳು ಹೇಳಬೇಕೆಂದಿದ್ದದ್ದೂ ಅದೇ. ಬೇಗ ಬನ್ನಿ, ನೀವು ಬಂದು ಹೋದರೆ ಅವರು ಊರು ಬಿಡುತ್ತಾರೆ ಎಂದು.

ಮಹಾಮಾರಿ ತನ್ನ ಪಾಲು ತೆಗೆದುಕೊಂಡು ಹೋಯಿತು. ವರ್ತಕನನ್ನು ಅದು ಮುಟ್ಟಲಿಲ್ಲ. ಮುಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕಾವಲಿನವರು ಮುಳ್ಳಿನ ಕೊಂಬೆ ಸರಿಸಿ ದಾರಿ ಬಿಟ್ಟರು. ವರ್ತಕ ಮತ್ತೆ ಹೊರಟ. ಈ ಸಲ ಡೋಲು ಬೇಡವೆಂದ. ಬಿಳಿ ಬಟ್ಟೆಯಲ್ಲಿ ಬಾಯಿ ಕಟ್ಟಿದ ಸಣ್ಣ ಮಡಕೆಯೊಂದನ್ನು ಎದೆಗೆ ಒತ್ತಿಕೊಂಡು ಹೊರಟ. ಮುಂದಿನ ಸಲ ನಿನ್ನ ಕರೆದುಕೊಂಡೇ ಹೋಗುತ್ತೇನೆ ಎಂದಿದ್ದನಲ್ಲ. ಕರೆದುಕೊಂಡೇ ಹೋದ.

ಅವನು ಘಟ್ಟ ಕಂಡ. ದೊಡ್ಡ ದೊಡ್ಡ ಹೊಳೆ ದಾಟಿದ. ಗಂಗೆಯಲ್ಲಿ ಮಡಕೆ ಬಿಟ್ಟು ಮುಳುಗಿ ಎದ್ದ. ಊರಿಗೆ ಮರಳಿದಾಗ ಛತ್ರದ ಅಂಗಳದಲ್ಲಿ ಜನ ಕಾದು ಕೂತಿದ್ದರು. ಈಗ ನಿಜವಾದ ಕಾಶಿಯ ಕತೆ ಹೇಳಿ ಎಂದರು. ಅವನು ಅವರನ್ನು ದಾಟಿ ತನ್ನ ಕೇರಿಗೆ ಹೋದ. ಜಗಲಿ ತೊಳೆದ, ಚಾಪೆ ಹಾಸಿದ. ಬಾಗಿಲಿನ ಕಡೆ ಮುಖ ಮಾಡಿ ಕೂತು, ಗಂಗೆ ಹೇಗಿದಾಳೆ ಗೊತ್ತೇನೇ ಎಂದ. ಎಂದು ಕಾದ. ಹೂಂಗುಟ್ಟುವವರಿಲ್ಲದೆ ಆ ಊರಿನಲ್ಲಿ ಯಾರೂ ಕತೆ ಹೇಳುತ್ತಿರಲಿಲ್ಲವಷ್ಟೇ. ಅವನಿಗೆ ಎರಡನೆಯ ಮಾತು ಹೊರಡಲಿಲ್ಲ. ಬದುಕಿರುವ ತನಕ ದಿನಾ ಸಂಜೆ ಅವನು ಆ ಒಂದು ಮಾತು ಹೇಳಿ ಕಾಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಗಿರಿಯಣ್ಣನ ಹೂಂ ನಿಂತು ಬಹಳ ಹೊತ್ತಾಗಿತ್ತು. ಮಠದ ಅಂಗಳದಿಂದ ಗುಡ್ಡದ ಬುಡದ ಹಳ್ಳಿ ಕಾಣುತ್ತಿತ್ತು. ಅವನು ಅತ್ತ ನೋಡಲಿಲ್ಲ. ಕೊನೆಗೆ ಕೇಳಿದ.

“ನಾನು ಕಾಡಿನಲ್ಲಿ ಕಂಡದ್ದೂ ಹಾಗಾದರೆ ವ್ಯರ್ಥವೇ, ಗುರುಗಳೇ?”

“ಅದಿರಲಿ ಗಿರಿಯಣ್ಣ, ನೀನಿನ್ನೂ ಇಲ್ಲೇ ಇದ್ದೀಯ ಎಂದು ನಿನ್ನ ಅಕ್ಕನಿಗೆ ಗೊತ್ತೇ?” ಎಂದರು ಗುರುಗಳು.